ಹೇಂಟೆ ನಮ್ಮ ಮನೆಯಲ್ಲಿ, ಹುಂಜ ಅವರ ಮನೆಯಲ್ಲಿ

ಶಹಾಪುರದಲ್ಲಿರುವ ಮೊಮ್ಮಗಳು ಮೊನ್ನೆ ಫೋನಿನಲ್ಲಿ ಒಂದು ಮುಖ ತೋರಿಸಿದಳು. ತನ್ನ ಮುಖವಲ್ಲ, ನನ್ನ ಮರಿಮೊಮ್ಮಗನ ಮುಖವೂ ಅಲ್ಲ. ಕೋಳಿಯ ಮುಖ! ಕಡೇಚೂರಿನ ಕಾರ್ಖಾನೆಗೆ ದುಡಿಯಲು ಬಂದ ತೆಲುಗು ಸೀಮೆಯವರೊಬ್ಬರಿಂದ ಅಸೀಲ್ ಕೋಳಿಯ ತತ್ತಿ ತಂದು, ಊರ ಕೋಳಿಯ ಕೆಳಗೆ ಕಾವಿಗಿಟ್ಟು, ಮರಿ ಮಾಡಿಸಿ, ಬೆಳೆಸಿ ನಿಲ್ಲಿಸಿದ್ದಾಳೆ. ಇಷ್ಟು ದಿನ ನನಗೆ ಒಂದು ಮಾತು ಹೇಳಿರಲಿಲ್ಲ. ಹೇಳಿದ್ದರೆ ಬಸ್ಸು ಹತ್ತಿ ಹೋಗಿ ಆ ಬುಟ್ಟಿಯ ಪಕ್ಕದಲ್ಲೇ ಕೂತುಬಿಡುತ್ತಿದ್ದೆ ಎಂದು ಅವಳಿಗೆ ಗೊತ್ತು.

"ಅಜ್ಜಿ, ಇದನ್ನ ಇಟ್ಕೋಬೇಕೋ, ಸಾರಿಗೆ ಹಾಕಬೇಕೋ? ನೀ ಏನಂತಿ?" ಎಂದಳು.

ನೀ ಏನಂತಿ! ಎಷ್ಟು ನಕ್ಕೆನೆಂದರೆ ಸೊಸೆ ಅಡುಗೆ ಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನಕ್ಕು ಮುಗಿಸುವ ಹೊತ್ತಿಗೆ ಅಳು ಬಂತು. ಜೋಳದ ಚೀಲಕ್ಕೆ ಒರಗಿ ಅತ್ತೆ. ಸಂತೋಷಕ್ಕೇ ಅತ್ತೆ, ಆದರೆ ಸಂತೋಷಕ್ಕೆ ಮಾತ್ರ ಅಲ್ಲ. ಆ ಎರಡು ಮಾತನ್ನು ನನಗೆ ಮೊದಲು ಕೇಳಿದವನು ನನ್ನ ಅಪ್ಪ. ಅದನ್ನು ಬರೆಯಬೇಕು ಅನ್ನಿಸಿದೆ. ನಾನು ಹೆಚ್ಚು ಕಲಿತವಳಲ್ಲ. ನಮ್ಮ ಕಾಲದ ಶಾಲೆಯಲ್ಲಿ ಮೊದಲು ಉರ್ದು ತಿದ್ದಿಸಿದರು, ರಾಜ್ಯ ಬದಲಾದ ಮೇಲೆ ಕನ್ನಡ ತಿದ್ದಿಸಿದರು, ಅಷ್ಟರಲ್ಲಿ ಕುರಿ ಕಾಯಲು ಕಳಿಸಿದರು. ಅಕ್ಷರ ದೊಡ್ಡ ದೊಡ್ಡದಾಗಿ ಬರುತ್ತವೆ. ಬರಲಿ.

ನಮ್ಮದು ಯಾದಗಿರಿ ಹತ್ತಿರದ ರಾಮಸಮುದ್ರ. ಕುರಿ ಸಾಕುವ ಮನೆ. ಹೊಲ ಇತ್ತು, ಹೊಲದಲ್ಲಿ ಜೋಳ, ತೊಗರಿ ಇತ್ತು. ಆದರೆ ಅಪ್ಪನ ಜೀವ ಇದ್ದದ್ದು ಕೋಳಿಯಲ್ಲಿ. ಅಂಗಳದಲ್ಲಿ ಕೆದರಿಕೊಂಡು ತಿನ್ನುವ ಎಲ್ಲ ಕೋಳಿಯಲ್ಲೂ ಅಲ್ಲ, ಅಸೀಲ್ ಕೋಳಿಯಲ್ಲಿ. ಅಸೀಲ್ ಎಂದರೆ ಕಲಬೆರಕೆ ಇಲ್ಲದ ತಳಿ. ನೋಡದವರಿಗೆ ಹೇಳುವುದು ಕಷ್ಟ. ಊರ ಕೋಳಿ ನೆಲ ನೋಡಿಕೊಂಡು ನಡೆಯುತ್ತದೆ. ಅಸೀಲ್ ಕೋಳಿ ಎದುರಿಗೆ ಇರುವವರನ್ನು ನೋಡಿಕೊಂಡು ನಡೆಯುತ್ತದೆ. ಕತ್ತು ಉದ್ದ, ಎದೆ ಅಗಲ, ಬಾಲ ಗಿಡ್ಡ, ಪುಕ್ಕ ಮೈಗೆ ಅಂಟಿಸಿದಂತೆ ಬಿಗಿ. ಅಪ್ಪನ ಕಟ್ಟಳೆ ಇನ್ನೂ ಬಿಗಿ. ಜುಟ್ಟು ಮೂರು ಜೋಳದ ಕಾಳು ಒತ್ತಿಟ್ಟಷ್ಟೇ ಇರಬೇಕು, ಅಲ್ಲಾಡಬಾರದು. ಕಣ್ಣು ಮುತ್ತಿನಂತೆ ಬಿಳಿ ಇರಬೇಕು, ಒಂದು ಎಳೆ ಕೆಂಪು ಬಂದರೂ ಕೂಡದು. ಕಾಲಿನ ಹುರುಪೆ ಸಾಲು ತಪ್ಪಬಾರದು. ಅಂಗೈ ಮೇಲೆ ಎದೆ ಇಟ್ಟುಕೊಂಡರೆ ನಡುವಿನ ಎಲುಬು ನೇಗಿಲ ಗೆರೆಯಂತೆ ನೇರ ಸಿಗಬೇಕು. ಈಗಲೂ ಯಾರ ಮನೆಯಲ್ಲಿ ಕೋಳಿ ಕಂಡರೂ ನನ್ನ ಕೈ ತಾನಾಗಿ ಅದರ ಎದೆಯ ಕೆಳಗೆ ಹೋಗುತ್ತದೆ. ಬೀಗರ ಮನೆಯಲ್ಲಿ ಹಾಗೆ ಮಾಡಿ ಬೈಸಿಕೊಂಡಿದ್ದೇನೆ.

ಆದರೆ ನಮ್ಮ ಅಂಗಳದಲ್ಲಿ ಅಸೀಲ್ ಹುಂಜ ಒಂದೂ ಇರುತ್ತಿರಲಿಲ್ಲ. ಯಾಕೆಂದರೆ ನಮ್ಮ ಮನೆದೇವತೆಯ ಕಟ್ಟು ಹಾಗಿತ್ತು. ನಮ್ಮ ಅಂಗಳದಲ್ಲಿ ಕೂಗಿದ ಹುಂಜದಲ್ಲಿ ಒಳ್ಳೆಯದು ಯಾವುದೋ ಅದು ಆ ದೇವಿಯ ಪಾಲು. ಅವಳನ್ನೂ ನಾವು ಅವ್ವ ಎಂದೇ ಕರೆಯುವುದು. ವರ್ಷಕ್ಕೊಮ್ಮೆ ಅವಳಿಗೆ ಕೊಡಲೇಬೇಕು. ಕುಂಟು ಹುಂಜ ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ. ಹೀಗೆ ಪ್ರತಿ ವರ್ಷ ಒಳ್ಳೆಯದನ್ನೇ ಕೊಡುತ್ತ ಹೋದರೆ ತಳಿ ನಿಲ್ಲುವುದು ಹೇಗೆ? ಅದಕ್ಕೆ ನಮ್ಮ ಅಜ್ಜನ ಕಾಲದಲ್ಲೇ ಒಂದು ದಾರಿ ಮಾಡಿಕೊಂಡಿದ್ದರು. ಓಣಿಯ ಕೊನೆಗೆ ಎತ್ತು ಕುದುರೆಗಳಿಗೆ ನಾಲ ಬಡಿಯುವ ಸಾಬರ ಮನೆ. ಹುಂಜಗಳೆಲ್ಲ ಅವರ ಮನೆಯಲ್ಲಿ, ಹೇಂಟೆಗಳೆಲ್ಲ ನಮ್ಮ ಮನೆಯಲ್ಲಿ. ಮರಿಗಳಲ್ಲಿ ಯಾವುದು ಗಂಡು ಯಾವುದು ಹೆಣ್ಣು ಎಂದು ತಿಳಿಯುತ್ತಿದ್ದ ಹಾಗೆ, ಕೂಗುವ ಮೊದಲೇ, ಗಂಡುಗಳು ಬುಟ್ಟಿಯಲ್ಲಿ ಅವರ ಮನೆಗೆ ಹೋಗುತ್ತಿದ್ದವು. ತತ್ತಿಯ ಕಾಲ ಬಂದಾಗ ಹೇಂಟೆಗಳನ್ನು ಅವರ ಅಂಗಳಕ್ಕೆ ಒಯ್ದು ಹುಂಜಕ್ಕೆ ಕೂಡಿಸುತ್ತಿದ್ದೆವು. ಅವರಿಗೆ ಹೇಂಟೆ ಇಲ್ಲ, ನಮಗೆ ಹುಂಜ ಇಲ್ಲ. ಒಂದು ಮನೆ ಬಿಟ್ಟು ಇನ್ನೊಂದು ಮನೆಗೆ ತಳಿಯೇ ಇಲ್ಲ.

ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅವರ ಹೆಂಡತಿಯನ್ನು ನಮ್ಮವ್ವ ಬೂಬಮ್ಮ ಎಂದು ಕರೆಯುತ್ತಿದ್ದಳು. ಚಾಚಾ ಎತ್ತಿನ ಕಾಲು ಕಟ್ಟಿ ನೆಲಕ್ಕೆ ಕೆಡವುವಾಗ ಮೈಯಲ್ಲಿ ಎಷ್ಟು ಬಲವೋ, ಹುಂಜದ ಕಾಲಿನ ಮುಳ್ಳು ಉಜ್ಜುವಾಗ ಕೈ ಅಷ್ಟು ಮೆತ್ತಗೆ. ಸುರಪುರದ ಕಡೆಯಿಂದ ಕೋಳಿಯ ಹುಚ್ಚಿನವರು ಬರುತ್ತಿದ್ದರು, ಒಂದು ಜೋಡಿ ಕೊಡಿರಿ ಎಂದು ಗೋಗರೆಯುತ್ತಿದ್ದರು. ಅಪ್ಪ, "ಹೇಂಟೆ ನಂದು, ಹುಂಜದ ಮಾತು ಅವನ್ನ ಕೇಳ್ರಿ" ಎನ್ನುತ್ತಿದ್ದ. ಚಾಚಾ, "ಹುಂಜ ನಂದು, ಹೇಂಟೆ ಮಾತು ಅವನ್ನ ಕೇಳ್ರಿ" ಎನ್ನುತ್ತಿದ್ದರು. ಬಂದವರು ಓಣಿಯ ಈ ತುದಿಯಿಂದ ಆ ತುದಿಗೆ ತಿರುಗಾಡಿ ಸಾಕಾಗಿ ಹೋಗುತ್ತಿದ್ದರು. ಇಬ್ಬರೂ ಆಮೇಲೆ ಚಹಾ ಕುಡಿಯುತ್ತ ನಗುತ್ತಿದ್ದರು.

ದಸರೆಯ ಬನ್ನಿ ಕೊಟ್ಟ ಮಾರನೆಯ ದಿನ ನಮಗೆ ನಿಜವಾದ ಹಬ್ಬ. ಕೋಳಿಗಳು ಹಳೆಯ ಪುಕ್ಕ ಉದುರಿಸಿ ಹೊಸ ಪುಕ್ಕ ತೊಟ್ಟಿರುವ ಹೊತ್ತು ಅದು. ತತ್ತಿ ಇನ್ನೂ ಶುರುವಾಗಿರುವುದಿಲ್ಲ, ಎಳ್ಳಮಾಸಿಯ, ಎಂದರೆ ಎಳ್ಳು ಅಮಾವಾಸ್ಯೆಯ, ಚಳಿ ಬೀಳಬೇಕು. ಚಾಚಾನ ಅಂಗಳದಲ್ಲಿ ನೆಲಕ್ಕೆ ನೀರು ಹೊಡೆದು ಮೇಲೆ ಜರಡಿ ಹಿಡಿದ ಬೂದಿ ಹರಡುತ್ತಿದ್ದರು. ಆ ಕಡೆ ಚಾಚಾ, ಈ ಕಡೆ ಅಪ್ಪ ಕುಕ್ಕರಗಾಲಲ್ಲಿ ಕೂರುವುದು. ಆ ವರ್ಷ ಬೆಳೆದ ಹರೆಯದ ಕೋಳಿಗಳನ್ನು ಒಂದೊಂದಾಗಿ ಬೂದಿಯ ಮೇಲೆ ನಡೆಸುವುದು. ಬೂದಿಯಲ್ಲಿ ನಡುಬೆರಳಿನ ಗುರುತು ನೇರ ಮೂಡಬೇಕು. ಆಮೇಲೆ ಅಂಗೈ ಮೇಲೆ ಎದೆ, ಬಿಸಿಲಿಗೆ ಕಣ್ಣು. ಅಪ್ಪ "ಅಸಲಿ" ಎನ್ನಬೇಕು, ಚಾಚಾನೂ "ಅಸಲಿ" ಎನ್ನಬೇಕು. ಎರಡು ಬಾಯಲ್ಲೂ ಬಂದರೆ ಕೋಳಿ ಉಳಿಯಿತು. ಒಬ್ಬರು ಸುಮ್ಮನಾದರೆ ಮುಗಿಯಿತು. ಯಾಕೆ ಎಂದು ಇನ್ನೊಬ್ಬರು ಕೇಳುವಂತಿಲ್ಲ. ಹಾಗೆ ತಪ್ಪಿದ ಕೋಳಿಗಳೆಲ್ಲ ಆ ಸಂಜೆ ಎರಡೂ ಮನೆಯ ಗಡಿಗೆಗೆ ಹೋಗುತ್ತಿದ್ದವು.

ನಾನು ಅಪ್ಪನ ಬೆನ್ನಿಗೆ ಅಂಟಿಕೊಂಡು ಕೂತು, ಅವರಿಗಿಂತ ಮೊದಲೇ "ಅಸಲಿ!" ಎಂದುಬಿಡುತ್ತಿದ್ದೆ.

"ಏ, ಈಕಿ ಬಾಯಿಗೆ ಹಿಟ್ಟು ತುಂಬ್ರೋ" ಎಂದು ಚಾಚಾ ರೇಗುತ್ತಿದ್ದರು. "ಬೇಟಿ, ಮುಖ ನೋಡಿ ಹೇಳಾಕ ಇದೇನು ನಿನ್ನ ಮದಿವಿ ವರನೇನು? ಕಾಲು ನೋಡು, ಕಾಲು!"

"ನಂಗೂ ಕೇಳ್ರಿ ಚಾಚಾ. ನಂಗ ಯಾಕ ಕೇಳಾಂಗಿಲ್ಲ?"

"ನಾನು, ಇಲ್ಲಾ ನಿಮ್ಮಪ್ಪ, ಯಾರರ ಒಬ್ಬರು ಮಣ್ಣಾದ ಮ್ಯಾಲ ನಿನ್ನ ಕೇಳ್ತಾರ. ಅಲ್ಲಿತನಕ ಬಾಯಿ ಮುಚ್ಕೊಂಡು ಬೂದಿ ಹರಡು."

ತಮಾಷೆಗೆ ಹೇಳಿದ ಮಾತು. ನಾನು ಮುಖ ಊದಿಸಿಕೊಂಡು ಬೂದಿ ಹರಡುತ್ತಿದ್ದೆ.

ಆಮೇಲೆ ಗಲಾಟೆಯ ಕಾಲ ಬಂತು. ನಿಜಾಮರ ರಾಜ್ಯ ಉಳಿಯುತ್ತದೋ ಹೋಗುತ್ತದೋ ಎಂಬ ಮಾತು ದೊಡ್ಡವರದ್ದು, ನಮಗೆ ತಿಳಿದದ್ದು ಹೆದರಿಕೆ ಮಾತ್ರ. ಮೊದಲು ಹೆದರಿಕೆ ನಮ್ಮ ಮನೆಗೆ ಬಂತು. ಆಗ ಅಕ್ಕನನ್ನೂ ನನ್ನನ್ನೂ ಹೇಂಟೆಗಳನ್ನೂ ಚಾಚಾನ ಮನೆಯ ಒಳಕೋಣೆಯಲ್ಲಿ ಇಟ್ಟರು. ಚಾಚಾ ನಾಲ ಬಡಿಯುವ ಸುತ್ತಿಗೆ ಹಿಡಿದು ಹೊರಗೆ ಕೂರುತ್ತಿದ್ದರು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಯಾದಗಿರಿ ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಹೋದವು, ನಿಜಾಮರ ರಾಜ್ಯ ಮುಗಿಯಿತು ಎಂದರು. ಹೆದರಿಕೆ ಓಣಿಯ ಆ ತುದಿಗೆ ಹೋಯಿತು. ಈಗ ಬೂಬಮ್ಮ ತನ್ನ ಮಕ್ಕಳೊಡನೆ ನಮ್ಮ ಕುರಿ ಹಟ್ಟಿಯಲ್ಲಿ ಮಲಗಿದರು, ಅಪ್ಪ ಕೊಡಲಿ ಹಿಡಿದು ಹೊರಗೆ ಕೂತ. ನಮ್ಮ ಊರಿನಲ್ಲಿ ಚಾಚಾನ ಮೈಮೇಲೆ ಯಾರೂ ಕೈ ಹಾಕಲಿಲ್ಲ. ಆದರೆ ಎತ್ತು ಹೊಡೆದುಕೊಂಡು ಬರುತ್ತಿದ್ದ ಜನ ಬರುವುದನ್ನು ಬಿಟ್ಟರು. ಹತ್ತಿಕುಣಿಯವರು, ಸುತ್ತಿನ ಹಳ್ಳಿಯವರು, ದಿನವೂ ಬರುತ್ತಿದ್ದವರು. ಚಾಚಾನ ಅಂಗಳದಲ್ಲಿ ನಾಲ ಕಾಯಿಸುವ ಒಲೆ ಆರಿತು. ಹೈದರಾಬಾದಿನಲ್ಲಿದ್ದ ಬೂಬಮ್ಮನ ಅಣ್ಣ, ಬಂದುಬಿಡಿರಿ ಎಂದು ಹೇಳಿಕಳಿಸಿದ.

ಆ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು ಕೋಳಿಗಳೂ ಸತ್ತಿದ್ದವು. ನಮ್ಮಲ್ಲಿ ಕೆಲವೇ ಹೇಂಟೆ, ಅವರಲ್ಲಿ ಒಂದೇ ಹುಂಜ ಉಳಿದಿತ್ತು. ಹಳದಿ ಕೆಂಪಿನ ಪೀಲಾ ಹುಂಜ, ಮುತ್ತಿನ ಕಣ್ಣು. ಬನ್ನಿ ಕಳೆದಿತ್ತು, ಎಳ್ಳಮಾಸಿ ಬಂದಿರಲಿಲ್ಲ. ಒಂದು ಬೆಳಿಗ್ಗೆ ಚಾಚಾ ಆ ಹುಂಜವನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ನಮ್ಮ ಅಂಗಳಕ್ಕೆ ಬಂದರು. ಓಣಿಯಲ್ಲಿ ಬಂಡಿ ಕಟ್ಟಿ ನಿಂತಿತ್ತು. ಯಾದಗಿರಿ ಸ್ಟೇಷನ್ನಿಗೆ ಹೊರಟಿದ್ದರು.

"ದೋಸ್ತ್, ಇದನ್ನ ಇಟ್ಕೋ. ಅಲ್ಲಿ ನಮಗೇ ಕಾಲು ಚಾಚಾಕ ಜಾಗ ಇಲ್ಲ."

ಅಪ್ಪ ಕೈ ಚಾಚಲಿಲ್ಲ. "ನಮ್ಮ ಅಂಗಳದಾಗ ಕೂಗಿದ್ರ ಗುಡಿಯಾಗಿನ ಅವ್ವ ಕೇಳ್ತಾಳೋ ಮಾರಾಯ. ಗೊತ್ತಿಲ್ಲೇನು ನಿಂಗ?"

"ನಿಮ್ಮ ಅವ್ವಗ ನಾ ಕೈ ಮುಗಿದು ಹೇಳ್ತೀನಿ."

"ನೀ ಹೇಳಿದ್ರ ಆಕಿ ಇನ್ನಾ ಸಿಟ್ಟಿಗೇಳ್ತಾಳ."

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು. ಹುಂಜ ಟವೆಲ್ಲಿನಿಂದ ಕತ್ತು ಹೊರಗೆ ಹಾಕಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿತು.

"ಎಳ್ಳಮಾಸಿಗೆ ಹೇಂಟೆ ತತ್ತಿ ಇಡಾಕ ಸುರು ಮಾಡ್ತಾವ" ಎಂದ ಅಪ್ಪ. "ಹುಂಜ ನಿನ್ನ ಹತ್ರ ಇದ್ರ ನೀ ಬರ್ತಿ. ಬರಲೇಬೇಕಾಗ್ತದ. ನನ್ನ ಹತ್ರ ಬಿಟ್ಟು ಹೋದ್ರ..." ಹುಂಜದ ಕತ್ತನ್ನು ಟವೆಲ್ಲಿನೊಳಗೆ ಸರಿಸಿದ. "ಒಯ್ಯಿ. ಹುಂಜ ನಿನ್ನ ಮನಿದು. ಸುಮ್ಮನ ಒಯ್ಯಿ."

"ಇಟ್ಕೊಳ್ರೀ" ಎಂದಳು ನನ್ನ ಹೆತ್ತವ್ವ ಬಾಗಿಲಿನಿಂದ. "ಕೊಡಾಕತ್ತಾರ, ಇಟ್ಕೊಳ್ರೀ."

ಅಪ್ಪ ಅವಳ ಕಡೆ ತಿರುಗಲೂ ಇಲ್ಲ. ಬಂಡಿಯ ಪಕ್ಕ ನಿಂತಿದ್ದ ಬೂಬಮ್ಮನ ಉಡಿಗೆ ಅವ್ವ ಜೋಳ, ಬೆಲ್ಲ ಹಾಕಿದಳು. ಬಂಡಿ ಹೊರಟಿತು. ಓಣಿ ತಿರುಗುವಾಗ ಹುಂಜ ಒಮ್ಮೆ ಕೂಗಿತು. ಅಪ್ಪ, "ನೋಡು, ನಮ್ಮ ಅಂಗಳ ದಾಟಿದ ಮ್ಯಾಲೆ ಕೂಗ್ತು. ಶಾಣ್ಯಾ ಅದ" ಎಂದು ಒಳಗೆ ಹೋದ.

ಎಳ್ಳಮಾಸಿ ಬಂತು. ಹೇಂಟೆಗಳು ತತ್ತಿ ಇಟ್ಟವು. ಚಾಚಾ ಬರಲಿಲ್ಲ.

ಹುಂಜ ಕೂಡದ ತತ್ತಿಯಲ್ಲಿ ಮರಿ ಆಗುವುದಿಲ್ಲ, ಅದು ಕೋಳಿ ಸಾಕಿದ ಯಾರಿಗೂ ಗೊತ್ತು. ಆದರೆ ಹೇಂಟೆಗೆ ಗೊತ್ತಿಲ್ಲವಲ್ಲ! ಅವು ಕಾವಿಗೆ ಕೂತವು. ನಮ್ಮ ಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಮಧ್ಯಾಹ್ನ ಅಲ್ಲಿಂದ ಕೋಲಿನಂತೆ ಬಿಸಿಲು ಇಳಿಯುತ್ತಿತ್ತು. ಅವ್ವ ಕಾವಿನ ಕೆಳಗಿನ ತತ್ತಿ ತೆಗೆದು ಆ ಬಿಸಿಲಿಗೆ ಹಿಡಿಯುತ್ತಿದ್ದಳು. ಜೀವ ಇದ್ದರೆ ಒಳಗೆ ಕೆಂಪು ನರ ಕಾಣುತ್ತದೆ. ಒಂದೊಂದೇ ಹಿಡಿದು ನೋಡುತ್ತಿದ್ದಳು. ಎಲ್ಲವೂ ಬರಿದು, ಬಿಳಿ ಬೆಳಕು. ಗೊತ್ತಿದ್ದೂ ಯಾಕೆ ನೋಡುತ್ತಿದ್ದಳೋ! ಹೇಂಟೆ ಮಾತ್ರ ನೀರು ಕಾಳು ಬಿಟ್ಟು ಒಣಗಿ, ಮುಟ್ಟಿದರೆ ಕೈಗೆ ಕುಕ್ಕುತ್ತ, ಬರಿದು ತತ್ತಿಯ ಮೇಲೆ ಕೂತಿರುತ್ತಿತ್ತು.

"ಊರ ಹುಂಜಾನರ ಬಿಡ್ರಿ" ಎಂದು ಅವ್ವ ಜಗಳ ತೆಗೆಯುತ್ತಿದ್ದಳು. "ಅರ್ಧಾನರ ಉಳೀತದ ತಳಿ."

"ಅವ ಬಂದಾಗ ಏನು ತೋರಿಸ್ಲಿ? ಕಾಲು ಸೊಟ್ಟಂದು, ಕಣ್ಣು ಕೆಂಪಂದು ತೋರಿಸ್ಲಿ?"

"ಅವರು ಬಂದಾಗ ತಾನೇ."

"ಬರ್ತಾನ."

ಊರ ಹುಂಜಗಳು ನಮ್ಮ ಅಂಗಳಕ್ಕೆ ಬಂದರೆ ಅಪ್ಪ ಕುರಿ ಕಾಯುವ ಕೋಲು ಬೀಸುತ್ತಿದ್ದ. ಹಗಲೆಲ್ಲ ಹೇಂಟೆಗಳಿಗೆ ಬುಟ್ಟಿ ಮುಚ್ಚಿಡುತ್ತಿದ್ದ. ದಸರೆ ಬಂದಾಗ ಚಾಚಾನ ಬೀಗ ಹಾಕಿದ ಮನೆಯ ಅಂಗಳಕ್ಕೆ ನೀರು ಹೊಡೆದು ಬೂದಿ ಹರಡುತ್ತಿದ್ದ. ಹರೆಯದ ಕೋಳಿಗಳೇ ಇಲ್ಲ, ಹಳೆಯ ಹೇಂಟೆಗಳನ್ನೇ ನಡೆಸುವುದು. ಕಾಲು ನೋಡುವುದು, ಕಣ್ಣು ನೋಡುವುದು, "ಅಸಲಿ" ಎನ್ನುವುದು. ಎಂದು, ಎದುರಿಗೆ ಚಾಚಾ ಕೂರುತ್ತಿದ್ದ ಜಾಗದ ಕಡೆ ನೋಡುವುದು. ಒಮ್ಮೆ ನಾನು ತಡೆಯಲಾರದೆ "ಅಸಲಿ" ಎಂದೆ. ಅಪ್ಪ ಗದರಿಸಿದ. "ನೀ ಅನಬ್ಯಾಡ. ನೀ ಅನ್ನೋ ಹೊತ್ತು ಬಂದಿಲ್ಲ."

ಕೆಲವು ವರ್ಷ ಕಳೆದ ಮೇಲೆ ಉಣ್ಣೆ ಕೊಳ್ಳಲು ಬರುತ್ತಿದ್ದ ವ್ಯಾಪಾರಿಯೊಬ್ಬ ಸುದ್ದಿ ತಂದ. ಹೈದರಾಬಾದಿನಲ್ಲಿ ಟಾಂಗಾ ಕುದುರೆಗಳಿಗೆ ನಾಲ ಬಡಿಯುವ ಕಡೆ ಚಾಚಾನನ್ನು ನೋಡಿದನಂತೆ. ಗಡ್ಡ ಬೆಳ್ಳಗಾಗಿದೆಯಂತೆ. ಕೂತ ಜಾಗದ ಪಕ್ಕ ಬುಟ್ಟಿಯ ಕೆಳಗೆ ಪೀಲಾ ಹುಂಜ ಇದೆಯಂತೆ.

"ನಿಮಗೊಂದು ಮಾತು ಹೇಳಂದಾರ" ಎಂದ ವ್ಯಾಪಾರಿ. "ಇಲ್ಲಿ ಭಾಳ ಮಂದಿ ಕೇಳಿದ್ರೂ, ನಾ ಈ ಹುಂಜನ ಯಾ ಹೇಂಟೆಗೂ ಬಿಟ್ಟಿಲ್ಲ ಅಂತ ಹೇಳ್ರಿ ಅಂದ್ರು."

ಅಪ್ಪನ ಸಂತೋಷ ನೋಡಬೇಕಿತ್ತು! ಎದ್ದು ನಿಂತ, ಕೂತ, ಮತ್ತೆ ಎದ್ದ. "ಕೇಳಿದಿ? ಕೇಳಿದೇನು? ಬಿಟ್ಟಿಲ್ಲಂತ! ಯಾ ಹೇಂಟೆಗೂ ಬಿಟ್ಟಿಲ್ಲಂತ!" ವ್ಯಾಪಾರಿಯನ್ನು ತಡೆದು ನಿಲ್ಲಿಸಿ ಬೆಲ್ಲ, ಶೇಂಗಾ ಕೊಡಿಸಿದ. ಓಣಿಯಲ್ಲಿ ಕಂಡ ಕಂಡವರಿಗೆ ಹೇಳಿಕೊಂಡು ಬಂದ. ಅವ್ವ ಮಾತ್ರ ಒಲೆಯ ಮುಂದೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಯಾಕವ್ವ ಎಂದೆ. "ಇವ ಇಲ್ಲಿ ಹಾಂಗ, ಅವ ಅಲ್ಲಿ ಹಾಂಗ. ಇಬ್ಬರೂ ಕೂಡಿ ತಳೀನ ಕೊಂದಾರಲ್ಲೇ ತಂಗಿ" ಎಂದಳು. ಆಗ ನನಗೆ ಅರ್ಥವಾಗಲಿಲ್ಲ. ಅಪ್ಪನ ಸಂತೋಷವೇ ಹೆಚ್ಚಿತ್ತು ನನಗೆ.

ಅಷ್ಟು ಹೊತ್ತಿಗೆ ನಮ್ಮಲ್ಲಿ ಉಳಿದದ್ದು ಒಂದೇ ಹೇಂಟೆ. ಮುದಿಯಾಗಿ, ಹುಂಜದಂತೆ ಕಾಲಿಗೆ ಮುಳ್ಳು ಬಂದಿತ್ತು. ಆದರೂ ಚಳಿಗಾಲಕ್ಕೆ ಒಂದೆರಡು ತತ್ತಿ ಇಡುತ್ತಿತ್ತು. ಅಪ್ಪ ಅದನ್ನು ಬುಟ್ಟಿಯಲ್ಲಿಟ್ಟು, ಮೇಲೆ ಬೇವಿನ ಸೊಪ್ಪು ಹೊದಿಸಿ, ತಲೆಗೆ ಹೊಸ ರುಮಾಲು ಸುತ್ತಿ, ಯಾದಗಿರಿಯಲ್ಲಿ ರೈಲು ಹತ್ತಿದ. ಅಪ್ಪ ಅದಕ್ಕೂ ಮೊದಲು ರೈಲು ಹತ್ತಿದವನಲ್ಲ. ನಾವು ದಿನವೂ ರಸ್ತೆ ನೋಡಿದೆವು. ಚಾಚಾನ ಮನೆಯವರೂ ಅಪ್ಪನ ಜೊತೆ ಬರುತ್ತಾರೆ ಎಂದು ನಾನು ಚಾಚಾನ ಅಂಗಳ ಗುಡಿಸಿಟ್ಟೆ.

ಅಪ್ಪ ಒಬ್ಬನೇ ಬಂದ. ಬುಟ್ಟಿಯಲ್ಲಿ ಹೇಂಟೆ ಇತ್ತು.

ಟಾಂಗಾ ನಿಲ್ಲುವ ಜಾಗಗಳನ್ನೆಲ್ಲ ಸುತ್ತಿದನಂತೆ. ಕೋಳಿ ಹಿಡಿದು ತಿರುಗುವ ಹಳ್ಳಿಯವನನ್ನು ಕಂಡು ಎಷ್ಟಕ್ಕೆ ಕೊಡುತ್ತೀ ಎಂದು ಎಲ್ಲರೂ ಕೇಳಿದರಂತೆ. ಒಂದು ಕಡೆ, ಹೌದು, ನಾಲ ಬಡಿಯುವ ಅಂಥವನೊಬ್ಬ ಇಲ್ಲೇ ಕೂರುತ್ತಿದ್ದ, ಹುಂಜ ಸತ್ತ ಮೇಲೆ ಈ ಕಡೆ ಬಂದಿಲ್ಲ, ಎಲ್ಲಿಗೆ ಹೋದನೋ ಗೊತ್ತಿಲ್ಲ ಎಂದರಂತೆ. ಅಷ್ಟೇ. ಇದನ್ನು ಅಪ್ಪ ನಮಗೆ ಒಂದೇ ಸಲ ಹೇಳಿದ, ನೀರು ಕುಡಿಯುತ್ತ ಹೇಳಿದ. ಮತ್ತೆ ಆ ಮಾತು ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ನನ್ನನ್ನು ಕರೆದ. ದಸರೆಯಲ್ಲ, ಬನ್ನಿಯಲ್ಲ, ಏನೂ ಅಲ್ಲ. ನಮ್ಮದೇ ಅಂಗಳದಲ್ಲಿ ನೀರು ಹೊಡೆದು ಬೂದಿ ಹರಡಿದ್ದ. ಈ ಕಡೆ ತಾನು ಕೂತು, ಆ ಕಡೆ ಕೈ ತೋರಿಸಿದ. ನಾನು ಕೂತೆ. ಅಪ್ಪನ ಬೆನ್ನ ಹಿಂದೆ ಅಲ್ಲ, ಎದುರಿಗೆ. ಮುದಿ ಹೇಂಟೆಯನ್ನು ಬೂದಿಯ ಮೇಲೆ ಬಿಟ್ಟ. ಅದು ರೈಲಿನಲ್ಲಿ ದಣಿದಿತ್ತು, ಆದರೂ ನೆಲ ನೋಡಲಿಲ್ಲ, ನಮ್ಮನ್ನು ನೋಡಿಕೊಂಡೇ ನಡೆಯಿತು. ಬೂದಿಯಲ್ಲಿ ನಡುಬೆರಳು ನೇರ ಮೂಡಿತು. ಅಪ್ಪ ಅದನ್ನು ಅಂಗೈ ಮೇಲೆ ಎತ್ತಿ ನನ್ನ ಕೈಗೆ ಕೊಟ್ಟ. ಎಲುಬು ನೇರ ಇತ್ತು. ಬಿಸಿಲಿಗೆ ಹಿಡಿದೆ. ಕಣ್ಣು ಮುತ್ತು.

"ಅಸಲಿ" ಎಂದ ಅಪ್ಪ. ಆಮೇಲೆ ನನ್ನ ಮುಖ ನೋಡಿ ಕೇಳಿದ. "ನೀ ಏನಂತಿ?"

ಎಷ್ಟು ವರ್ಷ ಕಾದಿದ್ದೆ ಆ ಮಾತಿಗೆ! ಹೇಂಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತೆ. ನಾನು ಹೇಳಿಬಿಟ್ಟರೆ ಚಾಚಾ ಇಲ್ಲ ಎಂದಾಗುತ್ತದೆ, ಹೇಳದೆ ಸುಮ್ಮನಾದರೆ ಕೋಳಿ ಗಡಿಗೆಗೆ ಹೋಗಬೇಕು. ಅಪ್ಪ ಕಾದ. ಒಂದು ಸಲವೂ ಅವಸರ ಮಾಡಲಿಲ್ಲ. ಕಡೆಗೆ "ಅಸಲಿ" ಎಂದೆ. ಅಪ್ಪ ತಲೆಯಾಡಿಸಿ, ಎದ್ದು, ಹೇಂಟೆಯ ಮೇಲೆ ಬುಟ್ಟಿ ಮುಚ್ಚಲಿಲ್ಲ, ಬಿಟ್ಟುಬಿಟ್ಟ. ಕೋಲು ತೆಗೆದುಕೊಂಡು ಕುರಿಗಳ ಹಿಂದೆ ಹೋದ. ಅದೇ ಬೇಸಿಗೆಗೆ ಆ ಹೇಂಟೆ ಸತ್ತಿತು. ಅಪ್ಪ ಆಮೇಲೆ ಬಹಳ ವರ್ಷ ಬದುಕಿದ. ಕೋಳಿ ಸಾಕಲಿಲ್ಲ.

ಮೊಮ್ಮಗಳಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಲಾಗಲಿಲ್ಲ. ಕಾಲು ತೋರಿಸು ಎಂದೆ, ತೋರಿಸಿದಳು. ಎದೆ ಮುಟ್ಟಿ ಹೇಳು ಎಂದೆ, ಹೇಳಿದಳು. ಕಣ್ಣು ಬಿಸಿಲಿಗೆ ಹಿಡಿ ಎಂದೆ. ಫೋನಿನಲ್ಲಿ ನೆಟ್ಟಗೆ ಕಾಣಲಿಲ್ಲ, ನನ್ನ ಕಣ್ಣೂ ನೆಟ್ಟಗಿಲ್ಲ. ಆದರೆ ಕೋಳಿ ತಿರುಗಿ ನನ್ನನ್ನೇ ನೋಡಿತು ನೋಡಿರಿ, ಆಹಾ! "ಅಸಲಿ ಅದ, ಇಟ್ಕೋ!" ಎಂದು ಕೂಗಿದೆ. ಅವಳು ನಕ್ಕಳು. ಅವಳ ತೊಡೆಯ ಮೇಲಿದ್ದ ಕೂಸೂ ನಕ್ಕಿತು.

"ಹುಂಜ ಎಲ್ಲದ?" ಎಂದೆ.

"ಹುಂಜ ನಮ್ಮ ಮನ್ಯಾಗಿಲ್ಲ ಅಜ್ಜಿ. ನಸುಕಿನಾಗ ಕೂಗಿ ಕೂಸಿನ್ನ ಎಬ್ಬಸ್ತದ. ಅದಕ್ಕ ಬಾಜು ಮನಿ ಗೆಳತಿ ಹತ್ರ ಬಿಟ್ಟೀನಿ. ಹೇಂಟೆ ನನ್ನ ಹತ್ರ, ಹುಂಜ ಆಕಿ ಹತ್ರ. ಛಲೋ ಅಲ್ಲೇನು?"

ನಾನು ಫೋನನ್ನು ಮುಖದ ಹತ್ತಿರಕ್ಕೆ ತಂದುಕೊಂಡೆ. ಯಾರೂ ಹೇಳಿಕೊಟ್ಟದ್ದಲ್ಲ!

"ಛಲೋ ಆತು ಮಗಾ, ಭಾಳ ಛಲೋ ಆತು" ಎಂದೆ. "ಒಂದು ಮಾತು ಕೇಳು. ಆಕಿ ಎಲ್ಲಿಗರ ಹೊಂಟು, ಹುಂಜ ಇಟ್ಕೋ ಅಂತ ತಂದ್ರ, ಬ್ಯಾಡ ಅನಬ್ಯಾಡ. ಎರಡೂ ಕೈಲೆ ಇಸ್ಕೋ."

"ಆಕಿ ಎಲ್ಲಿ ಹೋಗ್ತಾಳ ಅಜ್ಜಿ? ಆಕಿ ಮನಿ ಇಲ್ಲೇ ಅದ, ಅಂಗಡಿ ಇಲ್ಲೇ ಅದ."

"ಅವರದೂ ಇಲ್ಲೇ ಇತ್ತವ್ವ" ಎಂದೆ.

"ಯಾರದು?" ಎಂದಳು ಮೊಮ್ಮಗಳು.